ಅಂಗಳದ ಬಿಸಿಲಿಗೆ ಅಡಿಕೆಯೂ ಗಿರಾಕಿ

ಸಂಪಾದಕರಿಗೆ,

ಮಾನ್ಯರೇ,

ಮನೆ ಮೇಲೆ ಸೋಲಾರ್ ಹಾಕಿಸಿದರೆ ಐದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್, ಆಮೇಲೆ ಇಪ್ಪತ್ತು ವರ್ಷ ಕರೆಂಟು ಪುಕ್ಕಟೆ ಎಂಬ ಮಾತು ಈಗ ಪೇಪರಿನಲ್ಲಿ, ಬಸ್ಸಿನ ಹಿಂಬದಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲ ಕಡೆ ಕೇಳುತ್ತಿದೆ. ಅದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿರುವ ನನ್ನ ಮೈದುನನ ಮನೆಗೆ ಆ ಲೆಕ್ಕ ಸರಿಯಾಗಿಯೇ ಹೊಂದಿದೆ. ಹೊಸನಗರ ತಾಲ್ಲೂಕಿನ ತೋಟದ ನಡುವಿನ ನಮ್ಮ ಮನೆಗೆ ಹೊಂದುವುದಿಲ್ಲ ಎಂದು ತಿಳಿಯಲು ಮಾತ್ರ ನನಗೆ ಎಂಟು ತಿಂಗಳು, ಎರಡು ನೋಟ್‌ಬುಕ್ಕು ಮತ್ತು ಒಂದು ಪೊಟ್ಟಣ ರಂಗೋಲಿ ಪುಡಿ ಬೇಕಾಯಿತು. ನಮ್ಮಂಥ ಮನೆಗಳು ಮಲೆನಾಡಿನಲ್ಲಿ ಸಾವಿರಾರು ಇರುವುದರಿಂದ ಈ ಪತ್ರ.

ಶುರುವಾದದ್ದು ಕರೆಂಟ್ ಬಿಲ್ಲಿನಿಂದ. ನಾನು, ನಮ್ಮನೆಯವರು ಇಬ್ಬರೇ ಇದ್ದಾಗ ತಿಂಗಳಿಗೆ ಎಂಬತ್ತು, ತೊಂಬತ್ತು ಯೂನಿಟ್ಟು. 2023ರಲ್ಲಿ ರಾಜ್ಯ ಸರ್ಕಾರದ ಪುಕ್ಕಟೆ ಕರೆಂಟಿನ ಗ್ಯಾರಂಟಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನಲ್ಲಿ ಸೊನ್ನೆ. ಆ ಸೊನ್ನೆ ನೋಡಿ ನಮ್ಮನೆಯವರು ಬಿಲ್ಲನ್ನು ದೇವರ ಗೂಡಿನ ಪಕ್ಕ ಸಿಕ್ಕಿಸಿಟ್ಟಿದ್ದರು. ಬೆಂಗಳೂರಿನಲ್ಲಿದ್ದ ಮಗ, ಸೊಸೆ, ಮೊಮ್ಮಗಳು ಮನೆಯಿಂದಲೇ ಕೆಲಸ ಮಾಡಬಹುದು ಎಂದು ಊರಿಗೆ ಬಂದರು. ಸಂತೋಷವೇ. ಜತೆಗೆ ವಾಷಿಂಗ್ ಮೆಷಿನ್, ಎರಡು ಲ್ಯಾಪ್‌ಟಾಪ್, ಬಚ್ಚಲಿಗೊಂದು ಗೀಸರ್, ಬೆಂಗಳೂರಿನಿಂದ ತಂದ ಎರಡನೇ ಫ್ರಿಜ್ಜು ಎಲ್ಲ ಬಂದವು. ಯೂನಿಟ್ಟು 230 ಮುಟ್ಟಿತು.

ಗೃಹಜ್ಯೋತಿಯ ಲೆಕ್ಕ ಹಲವರಿಗೆ ಇನ್ನೂ ಅಂದಾಜಿಲ್ಲ. 200 ಯೂನಿಟ್ ತನಕ ಎಲ್ಲರಿಗೂ ಪುಕ್ಕಟೆ ಎಂದು ತಿಳಿದವರೇ ಜಾಸ್ತಿ. ಹಾಗಲ್ಲ. 2022-23ರಲ್ಲಿ ನಾವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೆವೋ ಅದರ ಮೇಲೆ ಶೇಕಡ 10 ಸೇರಿಸಿ, ಅಷ್ಟು ಪುಕ್ಕಟೆ. ನಮ್ಮದು 88 ಇತ್ತು, ಹತ್ತಿರ ಹತ್ತಿರ 97 ಸಿಕ್ಕಿತು. ಅದಕ್ಕಿಂತ ಹೆಚ್ಚು ಉರಿಸಿ 200ರ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲನೇ ಯೂನಿಟ್ಟಿನಿಂದ ಪೂರ್ತಿ ಬಿಲ್ಲು. ನಮಗೆ ಬಂದದ್ದು ಪೂರ್ತಿ ಬಿಲ್ಲು. ಆಗ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಕರೆಂಟ್ ಕಂಪನಿ ನೌಕರರ ಪಿಂಚಣಿ ಬಾಬ್ತು 36 ಪೈಸೆ, ತೆರಿಗೆ, ಎಲ್ಲ ಸೇರಿ 6 ರೂಪಾಯಿ 70 ಪೈಸೆಯ ಹತ್ತಿರ. ಮನೆಗೆ ಮಂಜೂರಾದ ಮೂರು ಕಿಲೋವ್ಯಾಟಿಗೆ ತಲಾ 145ರಂತೆ ನಿಗದಿತ ಶುಲ್ಕ ಬೇರೆ. ಎರಡು ಸಾವಿರಕ್ಕೆ ಇಪ್ಪತ್ತೈದು ರೂಪಾಯಿ ಕಮ್ಮಿ. ಸೊನ್ನೆಯಿಂದ ಎರಡು ಸಾವಿರಕ್ಕೆ ಹೋದಾಗ ಹೊಟ್ಟೆಯಲ್ಲಿ ಕಿವುಚಿದಂತಾಗುವುದು ನಿಮಗೂ ಗೊತ್ತಿರಬಹುದು.

ಮಗ ಹೇಳಿದ: "ಅಮ್ಮ, ಸೋಲಾರ್ ಹಾಕ್ಸಿಬಿಡೋಣ. ಸಬ್ಸಿಡಿ ಇದೆ."

ಸಬ್ಸಿಡಿ ಇರುವುದು ನಿಜ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಶಿವಮೊಗ್ಗದ ಒಂದು ಏಜೆನ್ಸಿಯಿಂದ ಹುಡುಗನೊಬ್ಬ ಬಂದ. ಒಳ್ಳೆಯ ಹುಡುಗ, ಚಪ್ಪಲಿ ಜಗಲಿಯ ಕೆಳಗೇ ಬಿಟ್ಟು ಬಂದ, ಕೊಟ್ಟ ಮಜ್ಜಿಗೆ ಕುಡಿದ. ಟ್ಯಾಬ್ ತೆಗೆದು ಬೆರಳಾಡಿಸಿದ. ಮೂರು ಕಿಲೋವ್ಯಾಟ್, ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ಟು, ವರ್ಷಕ್ಕೆ 4,380 ಯೂನಿಟ್ಟು, ಯೂನಿಟ್ಟಿಗೆ ಏಳು ರೂಪಾಯಿ, ವರ್ಷ ವರ್ಷ ಶೇಕಡ 3 ದರ ಏರಿಕೆ. ಇಪ್ಪತ್ತೈದು ವರ್ಷಕ್ಕೆ ಹನ್ನೊಂದು ಲಕ್ಷ ಉಳಿತಾಯ! ಹಸಿರು ಬಣ್ಣದ ಗೀಟೊಂದು ಟ್ಯಾಬಿನಲ್ಲಿ ಗುಡ್ಡ ಹತ್ತಿದ ಹಾಗೆ ಮೇಲೆ ಹೋಯಿತು. ನಮ್ಮನೆಯವರು ಕನ್ನಡಕ ಹಾಕಿಕೊಂಡು ಅದನ್ನೇ ನೋಡಿದರು.

ನಾನು ಕೇಳಿದ್ದು ಒಂದೇ. "ಮಳೆಗಾಲದಲ್ಲೂ ನಾಲ್ಕೇ?"

"ಸರಾಸರಿ ಆಂಟಿ," ಅಂದ.

ಸರಾಸರಿ ಎಲ್ಲಿಯದು? ಅದನ್ನು ಕೇಳಿದ್ದಕ್ಕೆ ಟ್ಯಾಬಿನಲ್ಲಿ ಉತ್ತರ ಇರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ. ನಮ್ಮೂರಿನಲ್ಲಿ ಅಷ್ಟಿಲ್ಲದಿದ್ದರೂ ಆರಿದ್ರೆಗೆ ಹಿಡಿದ ಮಳೆ ಆಶ್ಲೇಷಾ ಮುಗಿಯುವ ತನಕ ಬಿಡುವು ಕೊಡುವುದು ಅಪರೂಪ. ಹಗಲು ಹನ್ನೆರಡಕ್ಕೆ ಅಡುಗೆಮನೆಯಲ್ಲಿ ಲೈಟು ಹಾಕಿಕೊಳ್ಳುವ ದಿನಗಳು ಅವು.

ಕರೆಂಟಿನ ವಿಷಯದಲ್ಲಿ ದೊಡ್ಡ ದೊಡ್ಡ ಮಾತು ಕೇಳಿದರೆ ನನಗೆ ಸಂಶಯ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಪ್ಪ ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಸುಮಾರಿಗೆ ಗದ್ದೆ, ತೋಟ, ಭೂತನ ಕಟ್ಟೆ ಎಲ್ಲ ನೀರಿಗೆ ಬಿಟ್ಟು ಎದ್ದು ಬಂದವರು. ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್ ಎಲ್ಲೆಲ್ಲಿಗೋ ಹೋಯಿತು. ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು ಚಿಮಣಿ ಬುಡ್ಡಿಯಲ್ಲಿ. ಅದು ಹಳೇ ಕತೆ, ಇಲ್ಲಿ ಬೇಡ.

ಮೊದಲು ಮೈದುನನ ಮನೆ ವಿಷಯ ಹೇಳಿಬಿಡುತ್ತೇನೆ. ಅವನದು ತಾರಸಿ ಮನೆ, ಸುತ್ತ ಮರ ಇಲ್ಲ, ತಿಂಗಳಿಗೆ 350 ಯೂನಿಟ್ಟು. ಗೃಹಜ್ಯೋತಿಯ ಮಾತೇ ಇಲ್ಲ. 2024ರ ಬೇಸಗೆಯಲ್ಲಿ ಮೂರು ಕಿಲೋವ್ಯಾಟ್ ಹಾಕಿಸಿದ, ಸಬ್ಸಿಡಿ ಕಳೆದು ಕೈಯಿಂದ ಹೋದದ್ದು 1,17,000. ಮೊಬೈಲಿನಲ್ಲಿ ದಿನದ ಲೆಕ್ಕ ಬರುತ್ತದೆ, ನಾನು ಹೋದಾಗೆಲ್ಲ "ಅತ್ತಿಗೆ, ಇವತ್ತು ಹದಿಮೂರು" ಎಂದು ತೋರಿಸುತ್ತಾನೆ, ಹಸು ಎಷ್ಟು ಹಾಲು ಕೊಟ್ಟಿತು ಎಂದು ಹೇಳುವವರ ಹಾಗೆ. ಕಳೆದ ವರ್ಷದ ಹನ್ನೆರಡು ತಿಂಗಳು ಕೂಡಿಸಿದರೆ 3,940 ಯೂನಿಟ್ಟು. ಏಜೆನ್ಸಿಯವರ 4,380 ಅಲ್ಲ, ಆದರೂ ವಾಸಿ. ಬಿಲ್ಲಿನಲ್ಲಿ ಉಳಿದದ್ದು ವರ್ಷಕ್ಕೆ ಇಪ್ಪತ್ತಾರು ಸಾವಿರ. ನಾಲ್ಕೂವರೆ ವರ್ಷದಲ್ಲಿ ದುಡ್ಡು ವಾಪಸ್. ಇಂಥ ಮನೆ ಇದ್ದವರು ಇನ್ನೂ ಯೋಚಿಸುತ್ತ ಕೂತಿದ್ದರೆ ಕೂರುವುದು ಬೇಡ, ಹಾಕಿಸಲಿ. 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ಕೂಡ 12ರಿಂದ 5ಕ್ಕೆ ಇಳಿದಿದೆ.

ಇನ್ನು ನನ್ನ ಅಕ್ಕನ ಮನೆ. ನಮ್ಮಿಂದ ಎರಡು ಗುಡ್ಡ ಆಚೆ. ಅಕ್ಕ, ಭಾವ, ಒಂದು ನಾಯಿ. ಅವರಿಗೆ ಸಿಕ್ಕಿದ ಪುಕ್ಕಟೆ ಮಿತಿ 68 ಯೂನಿಟ್ಟು, ಉರಿಸುವುದು ಅರವತ್ತು. ಬಿಲ್ಲು ಸೊನ್ನೆ. ಅದೇ ಹುಡುಗ ಅಲ್ಲಿಗೂ ಹೋಗಿದ್ದನಂತೆ. ಸೊನ್ನೆಯಿಂದ ಎಷ್ಟು ಉಳಿಸುತ್ತೀಯೋ ಮಾರಾಯ ಎಂದು ಭಾವ ಕೇಳಿದರಂತೆ. "ಮುಂದೆ ಗ್ಯಾರಂಟಿ ನಿಂತರೆ?" ಅಂದನಂತೆ ಹುಡುಗ. ನಿಂತ ದಿನ ನೋಡೋಣ ಎಂದು ಕಳಿಸಿದರು. ಸರಿ ಇದೆ, ಅಷ್ಟೇ ಅದಕ್ಕೆ ಉತ್ತರ.

ಕಷ್ಟ ಇರುವುದು ನಮ್ಮಂಥವರಿಗೆ. ಇತ್ತ ಸೊನ್ನೆಯೂ ಅಲ್ಲ, ಅತ್ತ 350ಕ್ಕೂ ಹೋಗಿಲ್ಲ.

ನಮ್ಮದು ಹಂಚಿನ ಮನೆ, ಅಜ್ಜಯ್ಯನ ಕಾಲದ ಮರಮುಟ್ಟು. ಮಾಡು ಹತ್ತಿ ನೋಡಿದ ಹುಡುಗ ಒಂದೇ ನಿಮಿಷಕ್ಕೆ ಇಳಿದ. ಹಂಚಿನಡಿಯ ಪಕಾಸಿ ಮರದ ಮೇಲೆ ಅಷ್ಟು ಭಾರ, ಅದರ ಮೇಲೆ ಗಾಳಿಯ ಹೊಡೆತ ಆಗುವುದಿಲ್ಲ. ಮಂಗಗಳು ವಾರಕ್ಕೆರಡು ಹಂಚು ಜಾರಿಸುತ್ತವೆ, ಸರಿ ಮಾಡಲು ಹತ್ತಬೇಕೆಂದರೆ ಪ್ಯಾನಲ್ ಅಡ್ಡ. ಹಾಗಾಗಿ ಅಂಗಳದಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಅದರ ಮೇಲೆ ಹಾಕೋಣ ಅಂದ. ಕಂಬದ ಖರ್ಚು 45,000 ಹೆಚ್ಚು. ಮೂರು ಕಿಲೋವ್ಯಾಟಿಗೆ ಬೇಕಾದದ್ದು ಸುಮಾರು ಮುನ್ನೂರು ಚದರಡಿ.

ಅಂಗಳ ಎಂದರೆ ಪೇಟೆಯವರಿಗೆ ಖಾಲಿ ಜಾಗ. ನವೆಂಬರಿನಿಂದ ಫೆಬ್ರವರಿ ತನಕ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೊಯ್ದ ಅಡಿಕೆ ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಎಂಬ ಕೆಂಪು ರಸ ಹಿಡಿಸಿ ಅಲ್ಲೇ ಒಣಹಾಕುತ್ತೇವೆ. ಏಳು ಚಲೋ ಬಿಸಿಲು ಸಿಕ್ಕರೆ ಬಣ್ಣ ಬರುತ್ತದೆ. ಬಿಸಿಲು ಕಮ್ಮಿಯಾಗಿ ಬೂಸಲು ಬಂತೋ, ಮಂಡಿಯಲ್ಲಿ ಕೈಯಾಡಿಸಿ ನೋಡುವವರ ಮುಖವೇ ಬದಲಾಗುತ್ತದೆ. ಆ ಬಿಸಿಲಿಗೆ ಆಗಲೇ ಒಬ್ಬ ಗಿರಾಕಿ ಇದ್ದಾನೆ, ವರ್ಷದ ಅನ್ನ ಕೊಡುವ ಗಿರಾಕಿ. ಅವನನ್ನು ಎಬ್ಬಿಸಿ ತಿಂಗಳಿಗೆ ಸಾವಿರ ಚಿಲ್ಲರೆ ಉಳಿಸುವವನನ್ನು ಕೂರಿಸಲೇ? ಪ್ಯಾನಲ್ ಎತ್ತರದಲ್ಲಿ ಇರುತ್ತದೆ, ಕೆಳಗೆ ಅಡಿಕೆ ಹಾಕಬಹುದು ಎಂದು ಮಗ ಅಂದ. ನೆರಳಿನಲ್ಲಿ ಅಡಿಕೆ ಒಣಗಿಸುವ ವಿದ್ಯೆ ನನಗೆ ಬರುವುದಿಲ್ಲ ಅಂದೆ.

ಆದರೂ ಮಗನ ಮಾತು ತೆಗೆದುಹಾಕಬಾರದು ಎಂದು ಅಂಗಳದ ಉತ್ತರದ ಮೂಲೆ ನೋಡಿದೆ, ಅಡಿಕೆ ಹಾಕದ ಜಾಗ. ಅಲ್ಲಿ ಬಿಸಿಲು ಎಷ್ಟು ಹೊತ್ತು? ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅರವತ್ತು ವರ್ಷದಿಂದ ಇದೇ ಮನೆಯಲ್ಲಿರುವ ನಮ್ಮನೆಯವರು "ಬೆಳಿಗ್ಗೆಯಿಂದ ಸಂಜೆ ತನಕ ಇರುತ್ತದೆ" ಅಂದುಬಿಟ್ಟರು. ಡಿಸೆಂಬರಿನ ಎರಡನೇ ವಾರ ಒಂದು ದಿನ ರಂಗೋಲಿ ಪುಡಿ ಹಿಡಿದುಕೊಂಡು ಕೂತೆ. ಬಿಸಿಲು ಮೂಲೆಗೆ ಮುಟ್ಟಿದಾಗ ಒಂದು ಗೆರೆ, ಪಕ್ಕದಲ್ಲಿ ಗಂಟೆ. 9.40. ತೋಟ ನಮ್ಮ ಮನೆಯ ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಹೋಗುತ್ತಾನಲ್ಲ, ಹನ್ನೊಂದಕ್ಕೆ ಮೊದಲ ಸಾಲಿನ ಮರದ ತುದಿಯ ನೆರಳು ಅಂಗಳಕ್ಕೆ ಬಂತು. ಸೋಗೆಯ ನೆರಳು ಸಪೂರ, ಗಾಳಿಗೆ ಅಲ್ಲಾಡುತ್ತದೆ, ಪುಡಿ ಹಾಕಿ ಮುಗಿಸುವಷ್ಟರಲ್ಲಿ ಜಾಗ ಬದಲಾಯಿಸಿರುತ್ತದೆ. ಅರ್ಧ ಗಂಟೆಗೊಂದು ಗುರುತು ಹಾಕಿದೆ. ಒಂದೂವರೆ ತನಕ ಆ ಮೂಲೆಯಲ್ಲಿ ಒಂದಲ್ಲ ಒಂದು ಮರದ ನೆರಳು ಇದ್ದೇ ಇತ್ತು. 3.10ಕ್ಕೆ ಪಶ್ಚಿಮದ ಗುಡ್ಡದ ನೆರಳು ಬಂದು ಎಲ್ಲ ಗೆರೆಯನ್ನೂ ಒಟ್ಟಿಗೇ ಮುಚ್ಚಿತು. ಸಂಜೆ ಮೊಮ್ಮಗಳು ಬಂದು, "ಅಜ್ಜಿ, ಇದ್ಯಾವ ಹಬ್ಬದ ರಂಗೋಲಿ?" ಅಂತ ಕೇಳಿದಳು.

ನೆರಳು ಸಪೂರ ಇದ್ದರೆ ನಷ್ಟವೂ ಸಪೂರ ಎಂದುಕೊಂಡಿದ್ದೆ. ಅದು ತಪ್ಪು. ಪ್ಯಾನಲ್‌ಗಳನ್ನು ಸರದ ಹಾಗೆ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದರ ಮೂಲೆಗೆ ನೆರಳು ಬಿದ್ದರೆ ಸರದ ಉಳಿದವುಗಳ ಉತ್ಪಾದನೆಗೂ ಪೆಟ್ಟು. ಇದನ್ನು ಆದಷ್ಟು ಕಮ್ಮಿ ಮಾಡಲು ಪ್ಯಾನಲ್ ಒಳಗೇ ಡಯೋಡ್ ಎಂಬ ಸಣ್ಣ ಬಿಡಿಭಾಗ ಇರುತ್ತದೆ, ಒಂದೊಂದು ಪ್ಯಾನಲಿಗೂ ಬೇರೆ ಬೇರೆ ಸಣ್ಣ ಇನ್ವರ್ಟರ್ ಹಾಕುವ ಕ್ರಮವೂ ಇದೆ, ಅದಕ್ಕೆ ಖರ್ಚು ಜಾಸ್ತಿ. ಒಟ್ಟಿನಲ್ಲಿ ನಮಗೆ ಮಳೆಗಾಲದಲ್ಲಿ ಮೋಡ, ಮೋಡ ಇಲ್ಲದ ಚಳಿಗಾಲದಲ್ಲಿ ಅಡಿಕೆ ಮರ. ಚಲೋ ಬಿಸಿಲು ಉಳಿಯುವುದು ಮಾರ್ಚಿಯಿಂದ ಮೇ ತನಕ, ಆಗ ಹೆಚ್ಚಾದ ಯೂನಿಟ್ಟು ಲೈನಿಗೆ ಹೋಗುತ್ತದೆ. ಅದಕ್ಕೆ ಕರೆಂಟ್ ಕಂಪನಿಯವರು ಕೊಡುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಮ್ಮಿ.

ನಮ್ಮ ಊರಿನಲ್ಲೇ ಒಬ್ಬರು ಹೊಸ ತಾರಸಿ ಮನೆ ಕಟ್ಟಿಸಿ ಮೂರು ಕಿಲೋವ್ಯಾಟ್ ಹಾಕಿಸಿದ್ದಾರೆ. ಅವರ ಮೊಬೈಲಿನಿಂದ ಲೆಕ್ಕ ಬರೆದುಕೊಂಡೆ. ಕಳೆದ ಏಪ್ರಿಲ್‌ನಲ್ಲಿ 371 ಯೂನಿಟ್ಟು, ಜುಲೈನಲ್ಲಿ 112. ಮೂರು ಕಿಲೋವ್ಯಾಟಿಗೆ ಇಡೀ ತಿಂಗಳಿಗೆ ನೂರಾ ಹನ್ನೆರಡು! ಅಂದರೆ ಕಿಲೋವ್ಯಾಟಿಗೆ ದಿನಕ್ಕೆ ಒಂದೂ ಕಾಲು ಯೂನಿಟ್ಟೂ ಇಲ್ಲ. ವರ್ಷದ ಒಟ್ಟು 3,260. ಅವರ ತಾರಸಿಗೆ ನೆರಳಿಲ್ಲ, ನಮ್ಮ ಮೂಲೆಗೆ 3,000 ಸಿಕ್ಕರೆ ಪುಣ್ಯ. ಅವರ ಮನೆಯಲ್ಲಿ ನನಗೆ ಇನ್ನೊಂದು ವಿಷಯ ಗೊತ್ತಾಯಿತು, ಯಾವ ಜಾಹೀರಾತಿನಲ್ಲೂ ಇಲ್ಲದ್ದು. ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆದ ದಿನ ಗಾಳಿಗೆ ಬೋರ್ಡೋ ದ್ರಾವಣ ಹಾರಿ ಪ್ಯಾನಲ್ ಮೇಲೆ ಕೂತು ಸುಣ್ಣದ ಚುಕ್ಕಿ ಬಿದ್ದಿತ್ತು. ಅದರ ಮೈಲುತುತ್ತ, ಸುಣ್ಣ ಅಡಿಕೆ ಗೊನೆಗೆ ಅಂಟಿಕೊಳ್ಳಲಿ ಎಂದೇ ಅಂಟು ಸೇರಿಸುತ್ತೇವೆ, ಗಾಜಿಗೆ ಅಂಟದೆ ಇರುತ್ತದೆಯೇ? ಮಳೆಗೆ ತೊಳೆದು ಹೋಗುತ್ತದೆ ಎಂದು ಬಿಟ್ಟರೆ ಮಳೆ ಮುಗಿಯುವಾಗ ಕೆಳಗಿನ ಅಂಚಿನಲ್ಲಿ ಹಾವಸೆ ಕಟ್ಟಿತ್ತು. ಮನೆಯಾಕೆ ಹಳೇ ಪಂಚೆ ಒದ್ದೆ ಮಾಡಿಕೊಂಡು ಏಣಿ ಮೇಲೆ ನಿಂತು ಉಜ್ಜುತ್ತಿದ್ದರು.

ಅದೇ ಮನೆಯಲ್ಲಿ ಆಗಸ್ಟಿನಲ್ಲಿ ನೋಡಿದ್ದನ್ನು ಬರೆಯದೆ ಇದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಆಶ್ಲೇಷಾ ಮಳೆ. ಘಟ್ಟದ ತಿರುವಿನಲ್ಲಿ ಧೂಪದ ಮರ ಲೈನಿನ ಮೇಲೆ ಬಿದ್ದು ಮೂರು ಕಂಬ ಮಲಗಿದವು. ಮೂರು ದಿನ ಕರೆಂಟಿಲ್ಲ. ಇದರಲ್ಲಿ ಹೊಸದೇನಿಲ್ಲ, ಯಾರನ್ನೂ ದೂರುವುದೂ ಇಲ್ಲ. ಆ ಮಳೆಯಲ್ಲಿ ಕಂಬ ಹೊರುವ ಪವರ್‌ಮ್ಯಾನ್‌ಗಳ ಕಾಲಿಗೆ ಹತ್ತಿದ ಇಂಬಳ ಎಣಿಸಿದವರು ದೂರುವುದಿಲ್ಲ. ಎರಡನೇ ದಿನಕ್ಕೆ ನಮ್ಮ ಇನ್ವರ್ಟರ್ ಬ್ಯಾಟರಿ ಕುಂಯ್ ಅಂತ ನಿಂತಿತು. ಮೊಬೈಲ್ ಚಾರ್ಜಿಗೆ ಹಾಕೋಣ, ಅವರ ಮನೆಯಲ್ಲಿ ಸೋಲಾರ್ ಇದೆಯಲ್ಲ ಎಂದು ಕೊಡೆ ಹಿಡಿದು ಹೋದೆ. ಹೋಗಿ ನೋಡಿದರೆ ತಾರಸಿಯ ಮೇಲೆ ಪ್ಯಾನಲ್, ಕೆಳಗೆ ಊಟದ ಮೇಜಿನ ಮೇಲೆ ಮೇಣದಬತ್ತಿ.

"ಅಕ್ಕ, ಲೈನಿನ ಕರೆಂಟ್ ಹೋದ್ರೆ ಇದೂ ಬಂದ್ ಆಗ್ತದೆ. ಹಾಕ್ಸೋವಾಗ ಒಬ್ರೂ ಹೇಳ್ಲಿಲ್ಲ ನೋಡಿ," ಅಂದರು ಆ ಮನೆಯಾಕೆ. ಮಧ್ಯಾಹ್ನ ಎರಡು ಗಂಟೆ ಮಳೆ ಬಿಟ್ಟು ಒಂದಿಷ್ಟು ಬಿಸಿಲು ಬೇರೆ ಬಿದ್ದಿತ್ತು.

ನನಗೆ ಸಿಟ್ಟು ಬಂತು, ಇದೆಂಥ ಮೋಸ ಎಂದು. ಆಮೇಲೆ ನನ್ನ ಸೋದರಳಿಯನನ್ನು ಕೇಳಿದೆ, ಅವನೂ ಪವರ್‌ಮ್ಯಾನ್. "ಅತ್ತೆ, ಲೈನ್ ಆಫ್ ಮಾಡಿ ನಾನು ಕಂಬದ ಮೇಲಿರ್ತೇನೆ. ನಿಮ್ಮ ಮನೆ ಸೋಲಾರ್ ಕೆಳಗಿನಿಂದ ಲೈನಿಗೆ ಕರೆಂಟ್ ತಳ್ಳಿದ್ರೆ ನನ್ನ ಗತಿ ಏನು?" ಅಂದ. ಅದಕ್ಕೇ ಲೈನು ಸತ್ತ ಕೂಡಲೇ ತಾನೂ ನಿಲ್ಲುವಂತೆ ಸೋಲಾರಿನ ಆ ಇನ್ವರ್ಟರನ್ನು ಮಾಡಿರುತ್ತಾರೆ. ಅದು ನಿಲ್ಲಲೇಬೇಕು, ಅದು ಸರಿ. ಸಿಟ್ಟು ಹೋಯಿತು. ಆದರೆ ಕೊಟೇಶನ್ ಹಾಳೆಯಲ್ಲಿ ಇದನ್ನು ಬರೆಯದವರ ಮೇಲೆ ಇನ್ನೂ ಇದೆ. ಕರೆಂಟ್ ಹೋದಾಗ ಬೆಳಕು ಬೇಕು ಎಂದೇ ನಮ್ಮ ಕಡೆ ಅರ್ಧ ಜನ ಸೋಲಾರ್ ಕೇಳುತ್ತಾರೆ. ಅವರಿಗೆ ಮಾರುತ್ತಿರುವುದು ಕರೆಂಟ್ ಇದ್ದಾಗ ಮಾತ್ರ ನಡೆಯುವ ಸೋಲಾರ್. ಕರೆಂಟ್ ಹೋದಾಗಲೂ ನಡೆಯಬೇಕೆಂದರೆ ಬೇರೆ ನಮೂನೆಯ ಹೈಬ್ರಿಡ್ ಇನ್ವರ್ಟರ್, ದೊಡ್ಡ ಬ್ಯಾಟರಿ ಬೇಕು. ನಮಗೆ ಕೊಟ್ಟ ದರ ಇನ್ನೂ ಒಂದೂವರೆ ಲಕ್ಷ.

ಇಷ್ಟಾದ ಮೇಲೆ ಗೀಸರ್ ನೆನಪಾಯಿತು.

ಎರಡು ಕಿಲೋವ್ಯಾಟಿನ ಗೀಸರ್, ದಿನಕ್ಕೆ ಮುಕ್ಕಾಲು ಗಂಟೆ. ಒಂದೂವರೆ ಯೂನಿಟ್ಟು. ತಿಂಗಳಿಗೆ 45. ಅದೇ ಬಚ್ಚಲಿನ ಇನ್ನೊಂದು ಮೂಲೆಯಲ್ಲಿ ಬಚ್ಚಲೊಲೆ, ಅದರ ಮೇಲೆ ತಾಮ್ರದ ಹಂಡೆ, ನಮ್ಮನೆಯವರಿಗೆ ಮತ್ತು ಕೊಯ್ಲಿನ ಆಳುಗಳಿಗೆ ಹೇಗೂ ದಿನಾ ಉರಿಯುತ್ತದೆ. ಅಡಿಕೆ ಸಿಪ್ಪೆ, ಹಾಳೆ, ಸೋಗೆ ಹೆಡೆ ಕೊಟ್ಟಿಗೆ ಹಿಂದೆ ಗುಡ್ಡೆ ಬಿದ್ದಿದೆ. ಅಕ್ಟೋಬರಿನಲ್ಲಿ ಸೊಸೆಗೆ ಹೇಳಿದೆ. ಹೇಳಲು ಹಿಂಜರಿಕೆಯೇ, ಅತ್ತೆ ಗೀಸರ್ ಬಂದ್ ಮಾಡಿಸಿದಳು ಎಂದು ನಾಳೆ ಊರೆಲ್ಲ ಹರಡಬಾರದಲ್ಲ. ಅವಳು, "ಹಂಡೆ ನೀರೇ ಚಲೋ ಅತ್ತೆ, ಆದ್ರೆ ಬೆಳಿಗ್ಗೆ ಒಲೆ ಯಾರು ಹಚ್ಚೋದು?" ಅಂದಳು. ನ್ಯಾಯದ ಪ್ರಶ್ನೆ. ಮಗನೇ ಹಚ್ಚುತ್ತಾನೆ ಈಗ. ಮೊದಲ ವಾರ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಮೀಟಿಂಗಿಗೆ ಕೂತಿದ್ದ. ಅವಸರಕ್ಕೆ ಬೇಕೆಂದು ಗೀಸರ್ ಅಲ್ಲೇ ಇದೆ, ಅಪರೂಪಕ್ಕೆ ಹಾಕುತ್ತಾರೆ.

ಅದರ ಮುಂದಿನ ಬಿಲ್ಲಿನಲ್ಲಿ 193 ಯೂನಿಟ್ಟು. 200ರ ಒಳಗೆ ಬಂದೆವು. ಪುಕ್ಕಟೆಯ 97 ಕಳೆದು 96 ಯೂನಿಟ್ಟಿಗೆ ದುಡ್ಡು, 643 ರೂಪಾಯಿಯ ಹತ್ತಿರ. ಮೊದಲು ಯೂನಿಟ್ಟಿನ ಬಾಬ್ತೇ 1,541 ಇತ್ತು. ಒಂದು ಸ್ವಿಚ್ಚು ಆಫ್ ಮಾಡಿದ್ದಕ್ಕೆ ವರ್ಷಕ್ಕೆ ಹತ್ತು ಸಾವಿರದ ಮೇಲೆ ಉಳಿಯಿತು, ಯಾವ ಸಬ್ಸಿಡಿಯೂ ಇಲ್ಲದೆ.

ಈಗ ಸೋಲಾರ್ ಲೆಕ್ಕ ಮತ್ತೆ ಹಾಕಿ ನೋಡಿ. ಜಿಎಸ್‌ಟಿ ಇಳಿದ ಮೇಲಿನ ಹೊಸ ಕೊಟೇಶನ್ 1,92,000. ಸಬ್ಸಿಡಿ ಕಳೆದು 1,14,000. ಕಂಬದ ಖರ್ಚು ಸೇರಿ 1,59,000. ತಿಂಗಳಿಗೆ 230 ಉರಿಸುತ್ತಿದ್ದಾಗ ಅದು ವರ್ಷಕ್ಕೆ ಹದಿನೆಂಟು ಸಾವಿರ ಚಿಲ್ಲರೆ ಉಳಿಸುತ್ತಿತ್ತು, ಎಂಟೂವರೆ ವರ್ಷಕ್ಕೆ ದುಡ್ಡು ವಾಪಸ್. 193ಕ್ಕೆ ಇಳಿದ ಮೇಲೆ ಉಳಿಸಲು ಇರುವುದೇ ವರ್ಷಕ್ಕೆ ಏಳು ಸಾವಿರದ ಏಳುನೂರು. ಇಪ್ಪತ್ತು ವರ್ಷ ದಾಟುತ್ತದೆ. ಪ್ಯಾನಲಿಗೆ ಇಪ್ಪತ್ತೈದು ವರ್ಷದ ಗ್ಯಾರಂಟಿ ಕೊಡುತ್ತಾರೆ, ನನಗೆ ಯಾರು ಕೊಡುತ್ತಾರೆ? ನನಗೀಗ ಅರವತ್ತೊಂದು. ಮಧ್ಯದಲ್ಲಿ ಒಮ್ಮೆಯಾದರೂ ಇನ್ವರ್ಟರ್ ಬದಲಿಸಬೇಕು, ಅದರ ಗ್ಯಾರಂಟಿ ಅಷ್ಟು ವರ್ಷ ಇರುವುದಿಲ್ಲ. ನಮ್ಮ ಕಡೆಯ ಭರಣಿ, ಕೃತ್ತಿಕೆಯ ಸಿಡಿಲಿನಲ್ಲಿ ಟಿವಿ, ಮೋಡೆಮ್ ಸುಟ್ಟುಕೊಳ್ಳದ ಮನೆ ಇಲ್ಲ. ಅಂಗಳದ ಮಧ್ಯೆ ಕಬ್ಬಿಣದ ಕಂಬದ ಮೇಲೆ ಕೂತ ಯಂತ್ರಕ್ಕೆ ಸರಿಯಾದ ಅರ್ತಿಂಗ್, ಸಿಡಿಲು ತಡೆ ಇಲ್ಲದೆ ಬಿಡಲಾಗುವುದಿಲ್ಲ.

ದರ ಏರುತ್ತದಲ್ಲ ಎನ್ನುವವರಿಗೆ ಒಂದು ಮಾತು. ಹುಡುಗನ ಟ್ಯಾಬಿನಲ್ಲಿ ಯೂನಿಟ್ ದರ ವರ್ಷ ವರ್ಷ ಏರುತ್ತಿತ್ತು. ನನ್ನ ಹಳೇ ಬಿಲ್ಲುಗಳಲ್ಲಿ ಇರುವುದು ಬೇರೆ. ಮನೆಗಳಿಗೆ 100 ಯೂನಿಟ್ ದಾಟಿದರೆ ಏಳು ರೂಪಾಯಿ ಇದ್ದದ್ದು 2024ರ ಏಪ್ರಿಲ್‌ನಲ್ಲಿ 5.90 ಆಯಿತು, 2025ರ ಏಪ್ರಿಲ್‌ನಲ್ಲಿ 5.80. ಏರಿದ್ದು ನಿಗದಿತ ಶುಲ್ಕ, ಕಿಲೋವ್ಯಾಟಿಗೆ 120ರಿಂದ 145. ಸೂರ್ಯ ಎಷ್ಟು ದುಡಿದರೂ ಕಡಿಮೆಯಾಗದ ಬಾಬ್ತು ಅದೇ. ಮುಂದೆ ಯೂನಿಟ್ ದರವೂ ಏರಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಹನ್ನೊಂದು ಲಕ್ಷದ ಹಸಿರು ಗೀಟು ಏಳು ರೂಪಾಯಿಯಿಂದಲೇ ಶುರುವಾಗಿತ್ತು, ಅಷ್ಟು ಹೊತ್ತಿಗೆ ಏಳು ರೂಪಾಯಿ ಹೋಗಿ ಒಂದು ವರ್ಷ ಆಗಿತ್ತು.

ಕೊನೆಗೆ ನಾವು ಮಾಡಿದ್ದು ಇಷ್ಟು. ಮನೆಯಲ್ಲಿ ಇದ್ದ ಇನ್ವರ್ಟರ್, 150 ಆಂಪಿಯರ್-ಅವರ್ ಬ್ಯಾಟರಿ ಹಾಗೇ ಇಟ್ಟುಕೊಂಡೆವು. ಅದರ ತೊಂದರೆ ಏನಿತ್ತು? ಕರೆಂಟ್ ಬಾರದೆ ಎರಡನೇ ದಿನಕ್ಕೆ ಚಾರ್ಜು ಮುಗಿಯುತ್ತಿತ್ತು. ಹಾಗಾಗಿ ಆ ಬ್ಯಾಟರಿಯನ್ನು ತುಂಬಿಸಲಿಕ್ಕಷ್ಟೇ 200 ವ್ಯಾಟಿನ ಎರಡು ಪ್ಯಾನಲ್, ಒಂದು ಚಾರ್ಜ್ ಕಂಟ್ರೋಲರ್. ತಂತಿ, ಕೂಲಿ ಸೇರಿ 22,000. ಕೊಟ್ಟಿಗೆಯ ತಗಡಿನ ಮಾಡಿನ ಮೇಲೆ ಎರಡೇ ಎರಡು ಪ್ಯಾನಲ್, ಅಷ್ಟು ಭಾರ ಅದು ತಡೆಯುತ್ತದೆ, ಅಲ್ಲಿಗೆ ಅಡಿಕೆಯ ನೆರಳೂ ಬರುವುದಿಲ್ಲ. ಆರು ಬಲ್ಬು, ಮೋಡೆಮ್ಮು, ಮೊಬೈಲು, ಮಗನ ಲ್ಯಾಪ್‌ಟಾಪ್. ಫ್ರಿಜ್ಜು, ಮಿಕ್ಸಿ ಇಲ್ಲ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಯೂನಿಟ್ ಬಂದರೂ ಅಷ್ಟಕ್ಕೆ ಸಾಕು ಎಂದು ಸೋದರಳಿಯ ಲೆಕ್ಕ ಹಾಕಿ ಹೇಳಿದ್ದಾನೆ.

ಇದಕ್ಕೆ ಒಂದು ಪೈಸೆ ಸಬ್ಸಿಡಿ ಇಲ್ಲ. ಲೈನಿಗೆ ಜೋಡಿಸಿದ ಸೋಲಾರಿಗೆ ಮಾತ್ರ ಸಬ್ಸಿಡಿ. ಇದೇ ನನ್ನ ಮುಖ್ಯ ತಕರಾರು. ಬಯಲುಸೀಮೆಯ ತಾರಸಿ ಮನೆಗೆ, ತಿಂಗಳಿಗೆ ಮುನ್ನೂರು ಯೂನಿಟ್ ಉರಿಸುವ ಅನುಕೂಲಸ್ಥರಿಗೆ 78,000 ಸಿಗುತ್ತದೆ. ಮೂರು ದಿನ ಕತ್ತಲಲ್ಲಿ ಕೂರುವ ಮಲೆನಾಡಿನ ಒಂಟಿ ಮನೆ ಎರಡು ಪ್ಯಾನಲ್, ಒಂದು ಬ್ಯಾಟರಿ ಹಾಕಿಸಿಕೊಂಡರೆ ಸೊನ್ನೆ. ಬ್ಯಾಟರಿಗೂ ಒಂದಷ್ಟು ನೆರವು ಕೊಡಲಿ, ಮಳೆ ಜಾಸ್ತಿ ಬೀಳುವ ತಾಲ್ಲೂಕುಗಳಿಗಾದರೂ ಕೊಡಲಿ. ನಮ್ಮ ಶಾಸಕರು, ಸಂಸದರು ಇದನ್ನು ಒಂದು ಸಲ ಕೇಳಿದ್ದು ನಾನು ಪೇಪರಿನಲ್ಲಿ ನೋಡಿಲ್ಲ.

ಸೋಲಾರ್ ಮಾರುವವರಿಗೂ ಒಂದು ಮಾತು. ಕೊಟೇಶನ್ನಿನ ಮೊದಲನೇ ಹಾಳೆಯಲ್ಲೇ, ಲೈನಿನ ಕರೆಂಟ್ ಹೋದರೆ ಇದೂ ನಿಲ್ಲುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಜುಲೈ ತಿಂಗಳ ಯೂನಿಟ್ ಎಷ್ಟು ಎಂದು ಬೇರೆಯಾಗಿ ಬರೆಯಿರಿ. ಗಿರಾಕಿಯ ಹನ್ನೆರಡು ತಿಂಗಳ ಬಿಲ್ಲು ನೋಡದೆ ಟ್ಯಾಬ್ ತೆಗೆಯಬೇಡಿ. ಆ ಹುಡುಗ ನಮ್ಮ ಬಿಲ್ಲು ಕೇಳಿದ್ದರೆ ಗೀಸರ್ ಮಾತು ಅವತ್ತೇ ಬರುತ್ತಿತ್ತು, ಅವನ ಕೊಟೇಶನ್ ಅವತ್ತೇ ಹರಿದುಹೋಗುತ್ತಿತ್ತು ಎನ್ನುವುದು ಬೇರೆ ಮಾತು.

ಮಗ ಇನ್ನೂ ಸೋತಿಲ್ಲ. ಒಂದೇ ಕಿಲೋವ್ಯಾಟ್ ಆದರೂ ಹಾಕಿಸೋಣ, ಮಾಡು ರಿಪೇರಿ ಮಾಡುವ ವರ್ಷ ನೋಡೋಣ ಎಂದು ಆ ಕೊಟೇಶನ್ನನ್ನು ಫೈಲಿನಲ್ಲಿ ಇಟ್ಟುಕೊಂಡಿದ್ದಾನೆ. ನಾನೂ ಬೇಡ ಎಂದಿಲ್ಲ. ದರ ಬದಲಾದರೆ, ಗೃಹಜ್ಯೋತಿ ನಿಂತರೆ, ದಕ್ಷಿಣದ ಮೊದಲ ಸಾಲಿನ ಮುದಿ ಮರಗಳನ್ನು ತೆಗೆದರೆ ಮತ್ತೆ ರಂಗೋಲಿ ಪುಡಿ ಹಿಡಿದು ಕೂರುತ್ತೇನೆ. ಕೊಟ್ಟಿಗೆ ಮೇಲಿನ ಪ್ಯಾನಲ್ ಕೂತು ಮೂರು ವಾರ ಆಯಿತು, ಈಗಂತೂ ಬಿಸಿಲು, ಹನ್ನೊಂದಕ್ಕೆಲ್ಲ ಬ್ಯಾಟರಿ ಭರ್ತಿ. ಅದರ ಪರೀಕ್ಷೆ ಇರುವುದು ಆಗಸ್ಟಿನಲ್ಲಿ. ಧೂಪದ ಮರ ಇನ್ನೂ ನಾಲ್ಕು ಇವೆ ಆ ತಿರುವಿನಲ್ಲಿ. ಆಶ್ಲೇಷಾ ಮುಗಿದ ಮೇಲೆ ಎಷ್ಟು ಹೊತ್ತು ಬಲ್ಬು ಉರಿಯಿತೆಂದು ಬರೆದು ಕಳಿಸುತ್ತೇನೆ.

ಇತಿ,
ಅಡಿಕೆ ತೋಟದ ಮನೆಯ ಓದುಗಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ